ಅಂಚೆಚೀಟಿಯಲ್ಲಿ ಅಫನಾಸಿ ನಿಕಿತಿನ್

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಮೂರೇ ಅಕ್ಷರಗಳಾಗಿ ಕುಗ್ಗಿ ನಮ್ಮ ಬಿಟಿಎಂ ಲೇಔಟ್ ಆಯಿತು. ಮೂರು ಕಡಲುಗಳನ್ನು ದಾಟಿದ ಒಬ್ಬ ವರ್ತಕನ ಬಾಳು ಹಾಗೆಯೇ ನಾಲ್ಕು ಅಂಚೆಚೀಟಿಗಳಿಗೆ ಇಳಿದೀತೇ? ಈ ಪ್ರಶ್ನೆಯನ್ನು ಹೊತ್ತು ಕಳೆದ ಭಾನುವಾರ ಇಬ್ಬರು ವಿದ್ಯಾರ್ಥಿಗಳು ನಮ್ಮ ಮನೆಗೆ ಬಂದಿದ್ದರು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಅವರು ಆರಿಸಿಕೊಂಡವನು ಬಹಮನಿಗಳ ಬೀದರಿಗೆ ಬಂದಿದ್ದ ರಷ್ಯದ ಅಫನಾಸಿ ನಿಕಿತಿನ್.

ಅವನು ತ್ವೇರ್ ಪಟ್ಟಣದವನು. ಹೊರಟದ್ದು 1466ರಲ್ಲೆಂದು ಕೆಲವರು, 1468ರಲ್ಲೆಂದು ಕೆಲವರು. ವೋಲ್ಗಾ ನದಿಯ ಮುಖದಲ್ಲಿ ದರೋಡೆಗೆ ಸಿಕ್ಕಿ ಸರಕನ್ನೂ ಪುಸ್ತಕಗಳನ್ನೂ ಕಳೆದುಕೊಂಡ. ಬರಿಗೈಯಲ್ಲಿ ಮರಳಲಾರದೆ ಪಾರಸಿಕ ದೇಶವನ್ನು ಹಾದು, ಹೊರ್ಮುಜಿನಿಂದ ಒಂದು ಕುದುರೆಯೊಡನೆ ಹಡಗೇರಿ ಚೌಲ್ ಬಂದರಿಗೆ ಬಂದಿಳಿದ. ಜುನ್ನರಿನಲ್ಲಿ ಅಸದ್ ಖಾನನು ಆ ಕುದುರೆಯನ್ನು ಕಸಿದುಕೊಂಡು, ನಾಲ್ಕು ದಿನಗಳೊಳಗೆ ಮತಾಂತರವಾಗೆಂದು ಗಡುವಿತ್ತ. ಖೊರಾಸಾನಿನ ಮಹಮ್ಮದನೆಂಬ ಮುಸಲ್ಮಾನನೇ ನಡುವೆ ನಿಂತು ಅವನನ್ನು ಉಳಿಸಿದ, ಕುದುರೆಯೂ ಮರಳಿತು.

"ಮೊದಲನೆಯ ಚೀಟಿಗೆ ಕುದುರೆ, ಎರಡನೆಯದಕ್ಕೆ ಬೀದರಿನ ಕೋಟೆ, ಮೂರನೆಯದಕ್ಕೆ ಸುಲ್ತಾನನ ಆನೆಗಳ ಮೆರವಣಿಗೆ, ಕೊನೆಯದಕ್ಕೆ ಅವನ ಮುಖ," ಎಂದು ನಾನು ಗುರುಸಹಜವಾದ ಧೈರ್ಯದಿಂದ ತೀರ್ಪಿತ್ತೆ.

"ಅವನ ಮುಖ ಹೇಗಿತ್ತೆಂದು ಯಾರಿಗೆ ಗೊತ್ತು, ಸಾರ್?" ಎಂದಳು ಹುಡುಗಿ.

ಮಾತು ನಿಜ. 1955ರಲ್ಲಿ ಅವನ ಊರಿನಲ್ಲಿ ನಿಲ್ಲಿಸಿದ ಪ್ರತಿಮೆ ಶಿಲ್ಪಿಯ ಕಲ್ಪನೆ. 1957ರ 'ಪರದೇಸಿ' ಚಿತ್ರದಲ್ಲಿ ನಾವು ಕಂಡದ್ದು ಓಲೆಗ್ ಸ್ಟ್ರಿಝೆನೊವ್ ಎಂಬ ನಟನನ್ನು. ಅವನ ಪ್ರವಾಸದ ಐನೂರನೆಯ ವರ್ಷವೆಂದು ಸೋವಿಯತ್ ಒಕ್ಕೂಟ 1966ರಲ್ಲಿ ಅಂಚೆಚೀಟಿ ಹೊರಡಿಸಿದಾಗಲೂ ನೋಡಿ ಬರೆಯಲು ನಿಜವಾದ ಮುಖ ಯಾರಲ್ಲೂ ಇರಲಿಲ್ಲ.

"ಮೆರವಣಿಗೆಯೂ ಬೇಡ ಸಾರ್," ಎಂದ ಹುಡುಗ. "ಇಲ್ಲಿ ಪ್ರಭುಗಳು ಸಿರಿವಂತರು, ಹಳ್ಳಿಗರು ಕಡುಬಡವರು ಎಂದು ಅವನೇ ಬರೆದಿದ್ದಾನಲ್ಲ. ಬೆಳ್ಳಿಯ ಪಲ್ಲಕ್ಕಿ ಬರೆದರೆ ಹೊರುವವರ ಹೆಗಲನ್ನೂ ಬರೆಯಬೇಕು." ನನಗೆ ಉತ್ತರ ತೋಚಲಿಲ್ಲ. ಅದರ ಬದಲು, ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದು ನಿಕಿತಿನ್ ಹೇಳುವ ಆಳಂದದ ಜಾತ್ರೆಯನ್ನು ಬರೆಯುವುದೆಂದಾಯಿತು.

ಉಳಿದದ್ದು ಕೊನೆಯ ಚೀಟಿ. ಪುಸ್ತಕಗಳು ಹೋದ ಮೇಲೆ ನಿಕಿತಿನ್‌ಗೆ ತನ್ನ ಹಬ್ಬಗಳ ಲೆಕ್ಕವೇ ತಪ್ಪಿತು. ಈಸ್ಟರ್ ಎಂದೆಂಬುದು ತಿಳಿಯದೆ, ಮುಸಲ್ಮಾನರು ಉಪವಾಸವಿದ್ದಾಗ ತಾನೂ ಉಪವಾಸವಿದ್ದ. ಅವನ ಬರಹದ ಕೊನೆಯ ಪ್ರಾರ್ಥನೆಯಲ್ಲಿ ಪರಭಾಷೆಯ ಮಾತುಗಳೇ ತುಂಬಿವೆ. ಕಪ್ಪು ಸಮುದ್ರವನ್ನು ದಾಟಿ ಕಾಫಾ ಪಟ್ಟಣದವರೆಗೆ ಬಂದವನು, ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಅವನು ಕೈಯಾರೆ ಬರೆದ ಹೊತ್ತಗೆಗಳನ್ನು ಬೇರೆ ವರ್ತಕರು ಮಾಸ್ಕೋಗೆ ಒಯ್ದರು. 1475ರಲ್ಲಿ ಅವು ಅಲ್ಲಿನ ವೃತ್ತಾಂತಗ್ರಂಥವನ್ನು ಸೇರಿದುವು.

ಇದನ್ನು ಕೇಳಿ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ಹಿಮದ ದಾರಿಯನ್ನೂ, ಯಾರದೋ ಕೈಯಲ್ಲಿ ಒಂದು ಹೊತ್ತಗೆಯನ್ನೂ ಬರೆದಳು. ನಿಕಿತಿನ್ ಅದರಲ್ಲಿ ಇರಲಿಲ್ಲ.

"ಕಾಗದವನ್ನು ಊರು ಮುಟ್ಟಿಸುವುದೇ ಅಂಚೆಚೀಟಿಯ ಕೆಲಸವಲ್ಲವೇ ಸಾರ್?" ಎಂದಳು.

ನಾನು ತೀರ್ಪಿತ್ತ ಮುಖವನ್ನು ನಾನೇ ಅಳಿಸಿಹಾಕಿದೆ.