ಉಕ್ಕಿನ ಕಟ್ಟಡ ಕಸುಬು: ಕಲಿಕೆ, ಭದ್ರತೆ, ಮುನ್ನಡೆ

ಸೇತುವೆ, ಕಾರ್ಖಾನೆಯ ಚಾವಣಿ, ವಿದ್ಯುತ್ ಗೋಪುರ, ಬಹುಮಹಡಿ ಕಟ್ಟಡ, ಇವೆಲ್ಲವುಗಳ ಬೆನ್ನೆಲುಬು ಉಕ್ಕು. ಅಳತೆಗೆ ತಕ್ಕಂತೆ ಸಿದ್ಧವಾದ ಕಂಬ, ತೊಲೆಗಳನ್ನು ಕ್ರೇನಿನಿಂದ ಎತ್ತಿ ನೆಲೆಗೊಳಿಸಿ, ಬೋಲ್ಟು ಅಥವಾ ಬೆಸುಗೆಯಿಂದ ಜೋಡಿಸುವುದು ಈ ಕಸುಬಿನ ತಿರುಳು. 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಯ ಸುಮಾರು 26,500 ಟನ್ ಉಕ್ಕನ್ನು ರಿವೆಟ್‌ಗಳಿಂದ ಜೋಡಿಸಲಾಯಿತು. 2025ರ ಜೂನ್‌ನಲ್ಲಿ ಉದ್ಘಾಟನೆಗೊಂಡ ಚಿನಾಬ್ ರೈಲು ಸೇತುವೆ ನದಿಯಿಂದ 359 ಮೀಟರ್ ಎತ್ತರದಲ್ಲಿದೆ. ವಿಧಾನಗಳು ಬದಲಾದರೂ ನುರಿತ ಕೈಗಳ ಅಗತ್ಯ ಕಡಿಮೆಯಾಗಿಲ್ಲ.

ಊರು ಬಿಟ್ಟು ಮಹಾನಗರಗಳಿಗೆ ಬಂದ ಅನೇಕರು ಬಂಧುಗಳ ಜೊತೆಯಲ್ಲಿ ಸಹಾಯಕರಾಗಿ ಈ ಕೆಲಸಕ್ಕೆ ಸೇರುತ್ತಾರೆ. ನೋಡಿ ಕಲಿತು ಪಳಗುತ್ತಾರೆ. ಆದರೆ ಕಲಿತದ್ದಕ್ಕೆ ದಾಖಲೆ ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ವರ್ಷಗಟ್ಟಲೆ ಸಹಾಯಕರಾಗಿಯೇ ಉಳಿಯಬೇಕಾಗುತ್ತದೆ.

ಕಲಿಕೆಯ ದಾರಿ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐ.ಟಿ.ಐ.) ಬೆಸುಗೆಗಾರರ ತರಬೇತಿ ಒಂದು ವರ್ಷದ್ದು, ಎಂಟನೆಯ ತರಗತಿ ತೇರ್ಗಡೆಯಾದವರು ಸೇರಬಹುದು. ಫಿಟ್ಟರ್ ತರಬೇತಿ ಎರಡು ವರ್ಷದ್ದು. ಇದಕ್ಕೆ ಹತ್ತನೆಯ ತರಗತಿ ಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕೆಲಸದ ಸ್ಥಳದಲ್ಲಿಯೇ ಶಿಷ್ಯವೇತನ ಪಡೆದು ಕಲಿಯಲು ಅವಕಾಶವಿದೆ. ಈಗಾಗಲೇ ಅನುಭವವುಳ್ಳವರು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಪೂರ್ವಕಲಿಕೆ ಮನ್ನಣೆ ವ್ಯವಸ್ಥೆಯಲ್ಲಿ ತಮ್ಮ ಕೌಶಲವನ್ನು ಪರೀಕ್ಷೆಗೊಳಪಡಿಸಿ ಪ್ರಮಾಣಪತ್ರ ಪಡೆಯಬಹುದು.

ಬೆಸುಗೆಗಾರರ ದರ್ಜೆಯನ್ನು ಬೆಸುಗೆಯ ಸ್ಥಾನವೂ ನಿರ್ಧರಿಸುತ್ತದೆ. ಮಟ್ಟಸವಾಗಿ ಇಟ್ಟ ತಗಡನ್ನು ಬೆಸೆಯುವುದು ಸುಲಭ. ನೇರವಾಗಿ ನಿಂತದ್ದನ್ನು, ತಲೆಯ ಮೇಲಿನದನ್ನು ಬೆಸೆಯುವುದು ಕಷ್ಟ. ಬೆಸೆದ ತುಂಡನ್ನು ಬಾಗಿಸಿ ಅಥವಾ ಕ್ಷ-ಕಿರಣದಿಂದ ಪರಿಶೀಲಿಸಿ ಅರ್ಹತೆ ನೀಡಲಾಗುತ್ತದೆ. ಮೇಸ್ತ್ರಿ, ಮೇಲ್ವಿಚಾರಕ ಹುದ್ದೆಗಳಿಗೆ ಏರಬಯಸುವವರು ನಕ್ಷೆ ಓದುವುದನ್ನು ಅವಶ್ಯವಾಗಿ ಕಲಿಯಬೇಕು.

ಎತ್ತರದಲ್ಲಿ ಎಚ್ಚರ

ಈ ಕಸುಬಿನ ದೊಡ್ಡ ಶತ್ರು ಬೀಳುವಿಕೆ. ಮೈಪಟ್ಟಿಗೆ ಎರಡು ಕೊಕ್ಕೆಗಳಿರಬೇಕು. ಒಂದನ್ನು ಮುಂದಿನ ಆಧಾರಕ್ಕೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಡಿಸಬೇಕು. ತೂಗುತ್ತಿರುವ ತೊಲೆಯ ಕೆಳಗೆ ನಿಲ್ಲಬಾರದು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಕೆಲವು ಗಂಟೆಗಳ ನಂತರ ಮರಳು ಬಿದ್ದಂತೆ ಕಣ್ಣು ಉರಿಯುತ್ತದೆ. ಸತುಲೇಪಿತ ಉಕ್ಕಿನ ಹೊಗೆ ಚಳಿಜ್ವರ ತರಬಲ್ಲದು. ಒಬ್ಬರ ಅವಸರ ಇಡೀ ತಂಡಕ್ಕೆ ಅಪಾಯ.

ನೋಂದಣಿ ಮರೆಯದಿರಿ

ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರುವ 18ರಿಂದ 60 ವರ್ಷದೊಳಗಿನವರು ತಾವು ದುಡಿಯುತ್ತಿರುವ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನೂ ಮಾಡಿಸಿಕೊಳ್ಳಬೇಕು. ದುಡಿದ ದಿನಗಳ ದಾಖಲೆ, ವೇತನ ಚೀಟಿ, ಪ್ರಮಾಣಪತ್ರಗಳ ಪ್ರತಿಗಳನ್ನು ಮನೆಯವರ ಬಳಿಯೂ ಇಡುವುದು ಒಳ್ಳೆಯದು. ಅಪಘಾತ ಸಂಭವಿಸಿದಾಗ ಕುಟುಂಬವು ಪರಿಹಾರ ಕೋರಲು ಇವೇ ಆಧಾರ.

ಕೈಯಲ್ಲಿ ಕಸುಬು, ಕಡತದಲ್ಲಿ ದಾಖಲೆ, ಮೈಮೇಲೆ ರಕ್ಷಣೆ: ಈ ಮೂರೂ ಒಟ್ಟಿಗಿದ್ದಾಗ ದಿನಗೂಲಿಯ ದುಡಿಮೆ ಗೌರವದ ವೃತ್ತಿಯಾಗಿ ಬೆಳೆಯುತ್ತದೆ.