ನಾಳೆಯ ಹಾರಾಟಕ್ಕೆ ಇವತ್ತಿನ ಸಹಿ

2012ರ ಡಿಸೆಂಬರ್ 21ರಂದು ದಕ್ಷಿಣ ಸುಡಾನಿನ ಜೊಂಗ್ಲೆ ಪ್ರಾಂತ್ಯದ ಲಿಕುವಾಂಗೊಲೆ ಎಂಬ ಊರಿನ ಬಳಿ ವಿಶ್ವಸಂಸ್ಥೆಯ ಎಂಐ-8 ಹೆಲಿಕಾಪ್ಟರೊಂದನ್ನು ಹೊಡೆದು ಕೆಡವಲಾಯಿತು. ಹೆಲಿಕಾಪ್ಟರಿಗೆ ಬಿಳಿ ಬಣ್ಣ ಬಳಿದಿತ್ತು, ಪಕ್ಕೆಯ ಮೇಲೆ ‘ಯುಎನ್’ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು. ಒಳಗಿದ್ದ ನಾಲ್ವರು ರಷ್ಯನ್ ಸಿಬ್ಬಂದಿಯೂ ಸತ್ತರು. ಗುಂಡು ಹಾರಿಸಿದ್ದು ದೇಶದ ಸೇನೆಯೇ. ಬಂಡುಕೋರರಿಗೆ ಶಸ್ತ್ರ ತರುವ ಶತ್ರು ವಿಮಾನ ಎಂದುಕೊಂಡೆವು ಎಂಬುದು ಸೇನೆಯ ಸಮಜಾಯಿಷಿ. ಹಾರಾಟದ ಸುದ್ದಿ ಯಾರಿಗೆ ಮುಟ್ಟಿತ್ತು, ಯಾರಿಗೆ ಮುಟ್ಟಿರಲಿಲ್ಲ ಎಂಬ ಬಗ್ಗೆ ಎರಡೂ ಕಡೆಯವರು ಬೇರೆ ಬೇರೆ ಮಾತಾಡಿದರು.

ಆ ದೇಶಕ್ಕೆ ಆಗಿನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಸ್ವಾತಂತ್ರ್ಯ ಬಂದದ್ದು 2011ರ ಜುಲೈ 9ರಂದು. ಶಾಂತಿಪಾಲನಾ ಪಡೆಯೂ ಅದರ ಜೊತೆಯಲ್ಲೇ ಕಣ್ಣುಬಿಟ್ಟಿತ್ತು. ಬಿಳಿ ಬಣ್ಣ ಕಂಡರೆ ಬಂದೂಕು ತಗ್ಗುತ್ತದೆ ಎಂಬ ನಂಬಿಕೆಯಲ್ಲಿ ಕೂತರೆ ಆಗದು, ಬಂದೂಕು ಹಿಡಿದವನಿಗೆ ಮೊದಲೇ ಸುದ್ದಿ ಹೋಗಿರಬೇಕು ಎಂಬುದನ್ನು ಅಲ್ಲಿನ ವಿಮಾನ ವಿಭಾಗ ನಾಲ್ಕು ಜೀವ ತೆತ್ತು ಕಲಿಯಿತು.

ಶಾಂತಿಪಡೆಯ ಹಾರಾಟ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಧೂಳೆಬ್ಬಿಸಿ ಇಳಿಯುವ ಹೆಲಿಕಾಪ್ಟರ್, ಬಾಗಿಲಲ್ಲಿ ನಿಂತ ಯೋಧ. ಕೆಲಸದ ಮುಕ್ಕಾಲು ಪಾಲು ಮುಗಿದಿರುವುದು ಅದಕ್ಕೂ ಮೊದಲು, ರಾಜಧಾನಿ ಜುಬಾದ ಕಚೇರಿಗಳಲ್ಲಿ. ಸೈನಿಕ ತುಕಡಿಗಳು, ವೈದ್ಯರು, ಎಂಜಿನಿಯರುಗಳು, ನಾಗರಿಕ ವ್ಯವಹಾರದವರು ತಮ್ಮ ತಮ್ಮ ಬೇಡಿಕೆ ಕಳಿಸುತ್ತಾರೆ. ಯಾರು ಹತ್ತಬೇಕು, ಎಷ್ಟು ತೂಕ ಹೇರಬೇಕು ಎಂಬ ಪಟ್ಟಿ ಮಾಡುವುದು ‘ಮೂವ್‌ಕಾನ್’ ಎಂದು ಕರೆಯುವ ಸಾಗಣೆ ವಿಭಾಗದ ಕೆಲಸ. ಯಾವ ವಿಮಾನ, ಯಾವ ದಾರಿ, ಎಲ್ಲಿ ಇಂಧನ ಎಂಬುದನ್ನು ವಾಯು ಕಾರ್ಯಾಚರಣೆಯವರು ಕೂಡಿಸುತ್ತಾರೆ. ಇದರ ಮೇಲೆ ಬೀಳಬೇಕಾದ ಮುದ್ರೆ ಎಫ್‌ಎಸ್‌ಎ, ಅಂದರೆ ಹಾರಾಟ ಸುರಕ್ಷತೆಯ ಭರವಸೆ. ಇಂಥ ದಿನ, ಇಂಥ ದಾರಿಯಲ್ಲಿ, ಇಂಥ ವಿಮಾನ ಬರುತ್ತದೆ, ನಮ್ಮವರು ಗುಂಡು ಹಾರಿಸುವುದಿಲ್ಲ ಎಂದು ಸೇನೆ ಕೊಡುವ ಮಾತು ಅದು. ಬಂಡುಕೋರರ ಹಿಡಿತದ ಜಾಗವಾದರೆ ಅವರಿಗೂ ಬೇರೆ ತಿಳಿಸಬೇಕು.

ಒಪ್ಪಂದದ ಪ್ರಕಾರ ವಿಶ್ವಸಂಸ್ಥೆಗೆ ದೇಶದ ತುಂಬ ತಡೆಯಿಲ್ಲದೆ ಓಡಾಡುವ ಹಕ್ಕಿದೆ. ಹಕ್ಕು ಇರುವವನು ಭರವಸೆ ಕೇಳುವುದೇಕೆ ಎಂಬ ತಕರಾರು ನ್ಯಾಯವಾದದ್ದೇ. ಕೇಳದೆ ಹೋದರೆ ಲಿಕುವಾಂಗೊಲೆ ಕಣ್ಣಮುಂದಿದೆ. ಕೇಳಿದರೆ ಉತ್ತರ ಬರುವವರೆಗೆ ಎಂಜಿನ್ ಆರಿಸಿ ಕೂತಿರಬೇಕು. ಎಲ್ಲೋ ಹಳ್ಳಿಯೊಂದರಲ್ಲಿ ಹತ್ಯೆ ನಡೆದಿದೆ ಎಂಬ ಸುದ್ದಿ ಬಂದ ದಿನವೇ ಆ ಕಡೆಯ ಭರವಸೆ ‘ಪರಿಶೀಲನೆಯಲ್ಲಿ’ ಉಳಿದುಬಿಟ್ಟರೆ ಅದಕ್ಕೇನು ಅರ್ಥ ಎಂಬುದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈ ಭರವಸೆಯನ್ನು ನಿರಾಕರಿಸಿದ, ತಡಮಾಡಿದ ದೂರುಗಳು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಭದ್ರತಾ ಮಂಡಳಿಗೆ ಕೊಡುವ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಅದೇ ಜುಬಾದಿಂದ ಹಾರುವ ಇನ್ನೊಂದು ಸೇವೆ ಯುನ್‌ಹಾಸ್. ವಿಶ್ವ ಆಹಾರ ಕಾರ್ಯಕ್ರಮ ನಡೆಸುವ ಇದರ ಪ್ರಯಾಣಿಕರು ಸೈನಿಕರಲ್ಲ. ದಾದಿಯರು, ಕೊಳವೆಬಾವಿಯ ಮೆಕ್ಯಾನಿಕ್‌ಗಳು, ಲಸಿಕೆ ಹಾಕುವವರು. ಟಿಕೆಟ್ಟು, ವೇಳಾಪಟ್ಟಿ ಎಲ್ಲ ಇರುವ ಪುಟ್ಟ ಏರ್‌ಲೈನ್ ಇದ್ದ ಹಾಗೆ. ಆದರೆ ಇಲ್ಲಿ ಪೆಟ್ಟಿಗೆಯ ಜೊತೆ ಪ್ರಯಾಣಿಕರನ್ನೂ ತೂಗುತ್ತಾರೆ. ಒಂದೇ ಎಂಜಿನ್ನಿನ ಸೆಸ್ನಾ ಕ್ಯಾರವಾನ್‌ನಲ್ಲಿ ಇಪ್ಪತ್ತು ಕಿಲೋ ಮೀರಿದ ಚೀಲ ಎಂದರೆ ಇನ್ನಾರದೋ ಔಷಧದ ಪೆಟ್ಟಿಗೆ ಹಿಂದೆ ಉಳಿಯಿತು ಎಂದೇ ಲೆಕ್ಕ.

ಇಷ್ಟೊಂದು ಹಾರಾಟ ಯಾಕೆ ಬೇಕು, ಲಾರಿಯಲ್ಲಿ ಕಳಿಸಬಾರದೇ ಎಂದರೆ ಉತ್ತರ ಮಣ್ಣಿನಲ್ಲಿದೆ. ಜುಬಾದಿಂದ ಉಗಾಂಡಾ ಗಡಿಯ ನಿಮುಲೆಗೆ 192 ಕಿಲೋಮೀಟರ್ ಡಾಂಬರು ರಸ್ತೆ 2012ರಲ್ಲಿ ಸಿದ್ಧವಾಯಿತು. ಊರಿಂದೂರಿಗೆ ಹೋಗುವ ಅಷ್ಟುದ್ದದ ಡಾಂಬರು ರಸ್ತೆ ದೇಶಕ್ಕೆ ಅದೇ ಮೊದಲು. ಉಳಿದ ಬಹುಭಾಗ ಎರೆಭೂಮಿ. ರೋಣ, ನವಲಗುಂದದ ಕಡೆಯ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ: ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಒಂದು ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುವ ಅಂಟು. ಅಂಥ ನೆಲದಲ್ಲಿ ಹುಲ್ಲು ಸವರಿ ಮಾಡಿದ ಎಂಟುನೂರು ಮೀಟರಿನ ಪಟ್ಟಿಯೇ ಹಲವು ಊರುಗಳಿಗೆ ವಿಮಾನ ನಿಲ್ದಾಣ. ರಾತ್ರಿ ಮಳೆ ಬಂದರೆ ಬೆಳಗಿನ ವಿಮಾನ ಇಲ್ಲ. ಹಾಗಾಗಿ ಬೆಳಿಗ್ಗೆ ಜುಬಾದ ಕಚೇರಿ ಮೊದಲು ಕಾಯುವುದು ಆ ಊರಿನಲ್ಲಿರುವ ಒಬ್ಬನ ಫೋನಿಗಾಗಿ. ಆತ ಪಟ್ಟಿಯ ಉದ್ದಕ್ಕೂ ನಡೆದು, ನೆಲ ಕಾಲಿನಡಿ ಕುಸಿಯುತ್ತದೋ ಎಂದು ನೋಡಿ ಹೇಳಬೇಕು. ವಿಮಾನ ಬರುವ ಹೊತ್ತಿಗೆ ದನಗಳನ್ನು ಅತ್ತ ಓಡಿಸಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರ ಮೇಲೇಳುವುದು ಕೆಸರು ತುಳಿದು ಬಂದವನ ಮಾತಿನ ಮೇಲೆ.

ಆಮೇಲೆ ಇಂಧನದ ಗಣಿತ. ಜುಬಾದಿಂದ ಉತ್ತರಕ್ಕೆ ಬಿಳಿ ನೈಲ್ ದಂಡೆಯ ಮಲಕಾಲ್ ಸುಮಾರು ಐನೂರು ಕಿಲೋಮೀಟರ್. ಅಲ್ಲಿ ಭಾರತೀಯ ಸೇನೆಯ ಶಾಂತಿಪಡೆ ಆಸ್ಪತ್ರೆಯೂ ಇದೆ. ಎಂಐ-8 ಗಂಟೆಗೆ 220 ಕಿಲೋಮೀಟರ್ ಆಸುಪಾಸಿನಲ್ಲಿ ಸಾಗುತ್ತದೆ, ಗಂಟೆಗೆ ಹತ್ತಿರ ಹತ್ತಿರ 800 ಲೀಟರ್ ಕುಡಿಯುತ್ತದೆ. ಲೀಟರಿಗೆ 800 ಗ್ರಾಂ ತೂಕ ಹಿಡಿದರೂ ಹೋಗಲು ಒಂದೂವರೆ ಟನ್, ಬರಲು ಅಷ್ಟೇ. ಸೇರಿದ ಊರಿನಲ್ಲಿ ಮಳೆ ಸುರಿಯುತ್ತಿದ್ದರೆ ಬೇರೆ ಊರಿಗೆ ತಿರುಗಲು ಬೇಕಾದದ್ದು ಬೇರೆ. ಹೊಟ್ಟೆಯೊಳಗೆ ಅದು ಹೊರುವ ಸರಕು ಹೆಚ್ಚೆಂದರೆ ನಾಲ್ಕು ಟನ್. ಅದೂ ತಂಪು ಹವೆಯಲ್ಲಿ. ಫೆಬ್ರವರಿ, ಮಾರ್ಚ್‌ನ ಬಿಸಿಲು ನಲವತ್ತು ಡಿಗ್ರಿ ಮುಟ್ಟಿದಾಗ ಗಾಳಿ ತೆಳುವಾಗಿ, ರೆಕ್ಕೆಗೆ ಹಿಡಿತ ಸಿಗದೆ, ಹೊರುವ ಶಕ್ತಿ ಇಳಿಯುತ್ತದೆ. ಹೋಗಿಬರುವ ಇಂಧನವನ್ನೆಲ್ಲ ಇಲ್ಲಿಂದಲೇ ತುಂಬಿಕೊಂಡರೆ ಹೊಟ್ಟೆಯಲ್ಲಿ ಸರಕಿಗೆ ಉಳಿಯುವ ಜಾಗ ತೀರ ಕಡಿಮೆ. ಆದ್ದರಿಂದ ದೂರದ ನೆಲೆಗಳಲ್ಲಿ ಇಂಧನವನ್ನು ಮೊದಲೇ ಕೂಡಿಡಬೇಕು. ನದಿಯಲ್ಲಿ ದೋಣಿ ಸಾಗದ, ರಸ್ತೆಯಲ್ಲಿ ಟ್ಯಾಂಕರ್ ಸಾಗದ ದಿನಗಳಲ್ಲಿ ಇಂಧನ ಒಯ್ಯಲು ಇಂಧನ ಸುಡಬೇಕಾದ ಪ್ರಸಂಗವೂ ಬರುತ್ತದೆ. ಹೊರಗಿನವರಿಗೆ ಇದು ದುಂದು ಅನ್ನಿಸುತ್ತದೆ. ಬೇರೆ ದಾರಿ ಇಲ್ಲ ಅಷ್ಟೆ.

ಇಳಿಯಲು ಪಟ್ಟಿಯೇ ಇಲ್ಲದ ಕಡೆ ಮೇಲಿಂದ ಸುರಿಯುತ್ತಾರೆ. ಇಲ್ಯೂಷಿನ್-76 ಜೆಟ್ ಒಂದು ಸುತ್ತಿಗೆ ಮೂವತ್ತು ಟನ್ನಿನಷ್ಟು ಜೋಳ, ಬೇಳೆ ಹೊತ್ತು, ಮುನ್ನೂರು ಮೀಟರ್ ಎತ್ತರಕ್ಕೆ ಇಳಿದು, ಮೂತಿ ಎತ್ತಿ, ಹಿಂಬಾಗಿಲಿನಿಂದ ಚೀಲಗಳನ್ನು ಜಾರಿಸುತ್ತದೆ. ಧಾನ್ಯಕ್ಕೆ ಪ್ಯಾರಾಚೂಟ್ ಇರುವುದಿಲ್ಲ. ಐವತ್ತು ಕಿಲೋ ಚೀಲದ ಮೇಲೆ ಚೀಲ, ಅದರ ಮೇಲೆ ಇನ್ನೊಂದು. ಒಳಗಿನದು ಒಡೆದರೆ ಹೊರಗಿನದು ಹಿಡಿದುಕೊಳ್ಳಲಿ ಎಂದು. ಎಣ್ಣೆ ಡಬ್ಬಗಳಿಗೆ ಮಾತ್ರ ಪುಟ್ಟ ಪ್ಯಾರಾಚೂಟು. ಇದು ನಡೆಯಬೇಕಾದರೆ ಒಂದು ತಂಡ ಮುಂಚೆಯೇ ಹೋಗಿ ನೆಲದಲ್ಲಿ ಬಿಡಾರ ಹೂಡಿರಬೇಕು. ಬಯಲಿಗೆ ಗುರುತು ಹಾಕಿ, ಜನ, ಮಕ್ಕಳು, ದನಗಳನ್ನೆಲ್ಲ ಆಚೆ ನಿಲ್ಲಿಸಿ, ಗಾಳಿಯ ದಿಕ್ಕನ್ನು ರೇಡಿಯೊದಲ್ಲಿ ಹೇಳಬೇಕು. ಹಸಿದವರನ್ನು ಅನ್ನ ಬೀಳುವ ಬಯಲಿನಿಂದ ದೂರ ತಡೆದಿಡುವುದು ಎಷ್ಟು ಕಷ್ಟವೋ ಅಷ್ಟೇ ಅಗತ್ಯ. ಆ ಎತ್ತರದಿಂದ ಬೀಳುವ ಚೀಲ ಕೊಲ್ಲುತ್ತದೆ.

ಎತ್ತರದ ಲೆಕ್ಕ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಿರಿಯಾದ ದೇರ್ ಎಜ್ಜೋರ್ ಸಾಕ್ಷಿ. ಐಸಿಸ್ ಮುತ್ತಿಗೆ ಹಾಕಿದ್ದ ಆ ನಗರದ ಮೇಲೆ ತಗ್ಗಿನಲ್ಲಿ ಹಾರುವಂತಿರಲಿಲ್ಲ. 2016ರ ಫೆಬ್ರವರಿಯಲ್ಲಿ ಬಹು ಎತ್ತರದಿಂದ ಪ್ಯಾರಾಚೂಟ್ ಕಟ್ಟಿ ಬಿಟ್ಟ 21 ಹೊರೆಗಳಲ್ಲಿ ನಾಲ್ಕು ಜಜ್ಜಿಹೋದವು, ಏಳು ಎರಡೂ ಪಡೆಗಳ ನಡುವಣ ನೆಲಕ್ಕೆ ಬಿದ್ದವು, ಹತ್ತು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಲೆಕ್ಕ ತಿದ್ದಿ ಏಪ್ರಿಲ್‌ನಲ್ಲಿ ಮತ್ತೆ ಶುರುಮಾಡಿದ ಮೇಲೆ ಮುಂದಿನ ವರ್ಷದವರೆಗೆ ಮುನ್ನೂರಕ್ಕೂ ಹೆಚ್ಚು ಬಾರಿ ಸುರಿದರು.

ಮಣ್ಣು, ಇಂಧನ, ಗಾಳಿ ಇವೆಲ್ಲ ಕಲಿತರೆ ಬರುವ ವಿದ್ಯೆ. ಹಾರಾಟಕ್ಕೆ ಒಪ್ಪಿಗೆ ಕೊಡುವ ಸಹಿಯ ವಿಷಯ ಹಾಗಲ್ಲ.

ಅದರ ಬೇರು 1989ರಲ್ಲಿದೆ. ಹಿಂದಿನ ವರ್ಷದ ಬರ, ಯುದ್ಧಗಳಲ್ಲಿ ದಕ್ಷಿಣ ಸುಡಾನಿನ ಲಕ್ಷಾಂತರ ಜನ ಸತ್ತಿದ್ದರು. ಯುನಿಸೆಫ್‌ನ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಖಾರ್ಟೂಮ್ ಸರ್ಕಾರವನ್ನೂ ಜಾನ್ ಗರಾಂಗ್ ಅವರ ಬಂಡಾಯ ಪಡೆಯನ್ನೂ ಒಪ್ಪಿಸಿ ‘ಆಪರೇಷನ್ ಲೈಫ್‌ಲೈನ್ ಸುಡಾನ್’ ಶುರುಮಾಡಿದರು. ನಡೆಯುತ್ತಿರುವ ಯುದ್ಧದ ನಡುವೆ ಎರಡೂ ಕಡೆಯವರ ಒಪ್ಪಿಗೆಯಿಂದ ಅನ್ನ ಸಾಗಿಸುವುದು ಆವರೆಗೆ ಅಪರೂಪದ ಮಾತು. ಕೆನ್ಯಾ ಗಡಿಯ ಲೊಕಿಚೊಗ್ಗಿಯೊ ಎಂಬ ಕುರುಚಲು ಕಾಡಿನ ಊರು ಹರ್ಕ್ಯುಲಿಸ್ ವಿಮಾನಗಳ ಗದ್ದಲದ ನೆಲೆಯಾಯಿತು. ಬದಲಿಗೆ ತೆತ್ತ ಬೆಲೆ ಇದು: ಮುಂದಿನ ತಿಂಗಳು ಯಾವ ಯಾವ ಊರಿಗೆ ಹಾರುತ್ತೇವೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳೂ ಖಾರ್ಟೂಮಿಗೆ ಸಲ್ಲಿಸಬೇಕು. ಸರ್ಕಾರ ಬೇಡವೆಂದ ಊರು ಪಟ್ಟಿಯಿಂದ ಹೊರಕ್ಕೆ.

1998ರ ಜನವರಿ ಕೊನೆಯಲ್ಲಿ ವಾವ್ ಪಟ್ಟಣದಲ್ಲಿ ಕಾಳಗ ಎದ್ದಿತು. ಜನ ಹಳ್ಳಿಗಳತ್ತ ಓಡಿದರು, ಅಲ್ಲೂ ಕಾಳು ಇರಲಿಲ್ಲ. ಫೆಬ್ರವರಿ ಮೊದಲ ವಾರ ಸರ್ಕಾರ ಬಹರ್ ಎಲ್ ಗಜಲ್ ಪ್ರಾಂತ್ಯಕ್ಕೆ ಹಾರಾಟ ನಿಲ್ಲಿಸಿತು. ನಿರ್ಬಂಧ ಪೂರ್ತಿ ಸಡಿಲವಾಗುವ ಹೊತ್ತಿಗೆ ಮಾರ್ಚ್ ಮುಗಿದಿತ್ತು. ಲೊಕಿಚೊಗ್ಗಿಯೊದಲ್ಲಿ ವಿಮಾನವಿತ್ತು, ಪೈಲಟ್ ಇದ್ದರು, ಇಲ್ಲದ್ದು ಒಪ್ಪಿಗೆ. ಆ ವರ್ಷದ ಕ್ಷಾಮದಲ್ಲಿ ಸತ್ತವರು ಹತ್ತಾರು ಸಾವಿರ. ಒಪ್ಪಿಗೆ ಬಂದ ಮೇಲೆ ನಡೆದ ಧಾನ್ಯದ ಸುರಿಮಳೆ ಆ ಕಾಲಕ್ಕೆ ಅಂಥದರಲ್ಲೇ ಅತಿ ದೊಡ್ಡದು ಎನ್ನಿಸಿಕೊಂಡಿತು. ನನ್ನ ಮಟ್ಟಿಗೆ ಆ ದಾಖಲೆಯಲ್ಲಿ ಹೆಮ್ಮೆ ಪಡುವಂಥದ್ದು ಕಡಿಮೆ.

ಸಲ್ಲಿಸಿದ ಪಟ್ಟಿಗೆ ಇನ್ನೊಂದು ಮುಖವೂ ಇತ್ತು. ಇಂಥ ದಿನ ಇಂಥ ಊರಿಗೆ ಅನ್ನ ಬರುತ್ತದೆ ಎಂದರೆ ಅಂದು ಅಲ್ಲಿ ಸಾವಿರಾರು ಜನ ನೆರೆಯುತ್ತಾರೆ ಎಂದೂ ಹೇಳಿದಂತೆಯೇ. 2002ರ ಫೆಬ್ರವರಿ 20ರಂದು ಬಿಯೆಹ್ ಎಂಬಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಧಾನ್ಯ ಹಂಚುತ್ತಿದ್ದಾಗಲೇ ಸರ್ಕಾರದ ಯುದ್ಧ ಹೆಲಿಕಾಪ್ಟರ್ ಗುಂಡಿನ ಮಳೆಗರೆಯಿತು. ವಿಮಾನವನ್ನು ಕಾಯುವ ಮಾಹಿತಿ ಜನರನ್ನು ಕಾಯುತ್ತದೆ ಎಂಬ ಖಾತರಿ ಇಲ್ಲ.

ಹಾಗಾದರೆ ಕೇಳದೇ ಹಾರಿದರೆ? ಅದೂ ನಡೆದಿದೆ. 1968–70ರ ಬಿಯಾಫ್ರಾದಲ್ಲಿ ನೈಜೀರಿಯಾ ಸರ್ಕಾರದ ಮಾತು ಮೀರಿ ಚರ್ಚ್ ಸಂಘಟನೆಗಳು ರಾತ್ರಿಯಿಡೀ ಹಾರಿದವು. ಉಲಿ ಎಂಬಲ್ಲಿ ಹೆದ್ದಾರಿಯ ತುಂಡೊಂದನ್ನು ಅಗಲ ಮಾಡಿದ್ದೇ ರನ್‌ವೇ. ವಿಮಾನ ನೆಲ ಮುಟ್ಟುವ ಕೆಲವೇ ಕ್ಷಣ ದೀಪ ಹೊತ್ತಿಸಿ ಆರಿಸುತ್ತಿದ್ದರು. 1969ರ ಜೂನ್‌ನಲ್ಲಿ ರೆಡ್ ಕ್ರಾಸ್ ವಿಮಾನವೊಂದನ್ನು ಹೊಡೆದುರುಳಿಸಿದ ಮೇಲೆ ರೆಡ್ ಕ್ರಾಸ್ ಹಿಂದೆ ಸರಿಯಿತು, ಚರ್ಚ್‌ಗಳು ಮುಂದುವರಿಸಿದವು. ಎಷ್ಟೋ ಮಕ್ಕಳು ಬದುಕಿದರು. ಅದೇ ರನ್‌ವೇಯಲ್ಲಿ ಶಸ್ತ್ರವೂ ಇಳಿಯುತ್ತಿತ್ತು. ಆ ಹಾರಾಟ ಯುದ್ಧವನ್ನು ಲಂಬಿಸಿತೇ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಕೇಳಿ ಹಾರುವವರ ಪಕ್ಷವೇ ನನ್ನದು, ಸಂಕಟದಿಂದಲೇ. ಒಂದು ರಾತ್ರಿ ಧೈರ್ಯದಿಂದ ನುಗ್ಗಿ ಬರಬಹುದು. ಕ್ಷಯದ ಮಾತ್ರೆ ಪ್ರತಿ ತಿಂಗಳೂ ಬೇಕು, ಹೆರಿಗೆ ಯಾವ ದಿನವೂ ಆದೀತು. ಪ್ರತಿ ಮಂಗಳವಾರವೂ ಬರುವ ವಿಮಾನಕ್ಕೆ ನೆಲದವರ ಸಮ್ಮತಿ ಬೇಕೇ ಬೇಕು.

ಒಂದು ರಾತ್ರಿಯ ಧೈರ್ಯ ಎಂಥದ್ದು ಎಂಬುದನ್ನು ನಮ್ಮ ವಾಯುಪಡೆಯೇ ಪಕ್ಕದ ಸುಡಾನಿನಲ್ಲಿ ತೋರಿಸಿತು. 2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ ಸಿಡಿದ ದಿನವೇ ಅಲ್ಲಿನ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಯುನ್‌ಹಾಸ್ ವಿಮಾನಕ್ಕೆ ಹಾನಿಯಾಯಿತು, ದಾರ್ಫುರದಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಮೂವರು ಸಿಬ್ಬಂದಿ ಸತ್ತರು, ಅದರ ಕೆಲಸ ಕೆಲಕಾಲ ನಿಂತುಹೋಯಿತು. ಅಲ್ಲಿದ್ದ ತನ್ನವರನ್ನು ಹೊರತರಲು ಭಾರತ ಕೈಗೊಂಡ ‘ಆಪರೇಷನ್ ಕಾವೇರಿ’ ಬಹುತೇಕ ಪೋರ್ಟ್ ಸುಡಾನ್ ಬಂದರಿನ ಮೂಲಕ ನಡೆಯಿತು. ಅಲ್ಲಿಗೆ ತಲುಪಲಾಗದೆ ಉಳಿದ 121 ಜನರಿಗಾಗಿ ಏಪ್ರಿಲ್ 27ರ ರಾತ್ರಿ ಸಿ-130ಜೆ ವಿಮಾನವೊಂದು ಖಾರ್ಟೂಮಿನ ಉತ್ತರಕ್ಕೆ ನಲವತ್ತು ಕಿಲೋಮೀಟರ್ ದೂರದ ವಾದಿ ಸೈಯದ್ನಾದಲ್ಲಿ ಇಳಿಯಿತು. ಹಾಳಾದ ರನ್‌ವೇ, ದೀಪವಿಲ್ಲ, ದಾರಿ ತೋರಿಸುವ ಉಪಕರಣವಿಲ್ಲ, ಇಂಧನವಿಲ್ಲ. ಇರುಳುಗನ್ನಡಕ ಹಾಕಿ ಇಳಿದ ಪೈಲಟ್‌ಗಳು ಎಂಜಿನ್ ಆರಿಸದೆಯೇ ಜನರನ್ನು ಹತ್ತಿಸಿಕೊಂಡು ಮೇಲೇರಿದರು. ಈ ಹಾರಾಟದ ಹಿಂದೆಯೂ ರಕ್ಷಣಾ ಅಧಿಕಾರಿಯೊಬ್ಬರು ಜನರ ವಾಹನಗಳ ಸಾಲಿನೊಂದಿಗೆ ರಸ್ತೆಯಲ್ಲಿ ಬರುತ್ತ ವಾಯುಪಡೆಯೊಡನೆ ಸಂಪರ್ಕ ಕಡಿಯದಂತೆ ನೋಡಿಕೊಂಡ ಕತೆ ಇದೆ.

ಸುಡಾನಿನಲ್ಲಿ ಸಿಕ್ಕಿಕೊಂಡವರಲ್ಲಿ ಗಿಡಮೂಲಿಕೆ, ಕೂದಲೆಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ದಾರ್ಫುರದ ಅಲ್ ಫಾಶರ್‌ನಲ್ಲಿ ಬಾಡಿಗೆ ಕೋಣೆಗಳಲ್ಲಿ ಅವಿತಿದ್ದವರ ಸುದ್ದಿ ಅಂದಿನ ಚುನಾವಣಾ ಗದ್ದಲದ ನಡುವೆಯೂ ಇಲ್ಲಿ ಮುಖಪುಟಕ್ಕೆ ಬಂದಿತ್ತು. ಆ ತಿಂಗಳ ಕೊನೆಗೆ ಬೆಂಗಳೂರಿಗೆ ವಿಮಾನಗಳು ಬಂದವು. ಸುಡಾನಿನಿಂದ ಹಾಗೆ ಬಂದಿಳಿದವರಲ್ಲಿ ಕೆಲವರನ್ನು ಅಧಿಕಾರಿಗಳು ನೇರ ಮನೆಗೆ ಬಿಡದೆ ಪ್ರತ್ಯೇಕ ಇರಿಸಿದರು: ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಕಾರ್ಡು ಅವರ ಬಳಿ ಇರಲಿಲ್ಲ.