ಸಾಮೂಹಿಕ ಓಟದಲ್ಲಿ ಪಾಲ್ಗೊಂಡು ದೈಹಿಕ ಸಾಮರ್ಥ್ಯವನ್ನು ಮರಳಿ ಪಡೆಯುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಬೆಂಗಳೂರು ದಕ್ಷಿಣದ ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಲ್ಲಿ ಮುಂಜಾನೆ ಗುಂಪಾಗಿ ಓಡುವ ಪರಿಪಾಠವು ಬೆಳೆದುಬಂದಿದೆ. ಜಯನಗರ ಜಾಗ್ವಾರ್ಸ್‌ನಂತಹ ಓಟಗಾರರ ಬಳಗಗಳು ಇಲ್ಲಿ ರೂಪುಗೊಂಡಿವೆ. 2008ರಲ್ಲಿ ಆರಂಭವಾದ ಬೆಂಗಳೂರಿನ ವಿಶ್ವ 10ಕೆ ಓಟದಲ್ಲಿ ಹೆಸರಾಂತ ಓಟಗಾರರೊಂದಿಗೆ ಸಾಮಾನ್ಯ ನಾಗರಿಕರೂ ಪಾಲ್ಗೊಳ್ಳುತ್ತಾರೆ. ಹಿರಿಯ ನಾಗರಿಕರಿಗೆ ಮತ್ತು ವಿಶೇಷಚೇತನರಿಗೆ ಪ್ರತ್ಯೇಕ ವಿಭಾಗಗಳನ್ನು ಕಲ್ಪಿಸಲಾಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮದ ಚಟುವಟಿಕೆ ಕೈಗೊಳ್ಳುವುದು ಅವಶ್ಯಕ. ಬಿರುಸಿನ ನಡಿಗೆಯು ಮೊದಲನೆಯದಕ್ಕೂ, ಓಟವು ಎರಡನೆಯದಕ್ಕೂ ಉದಾಹರಣೆಯಾಗಿದೆ.

ಗುಂಪಿನಲ್ಲಿ ಓಡುವುದರ ಪ್ರಯೋಜನ

ನಿಗದಿತ ದಿನ, ನಿಗದಿತ ಸ್ಥಳದಲ್ಲಿ ಇತರರು ಕಾಯುತ್ತಿರುವರೆಂಬ ಅರಿವು ಅಭ್ಯಾಸ ತಪ್ಪದಂತೆ ನೋಡಿಕೊಳ್ಳುತ್ತದೆ. ನಸುಕಿನಲ್ಲಿ ಒಂಟಿಯಾಗಿ ಹೊರಡಲು ಹಿಂಜರಿಯುವವರಿಗೆ, ವಿಶೇಷವಾಗಿ ಮಹಿಳೆಯರಿಗೆ, ಗುಂಪು ಆಸರೆಯಾಗುತ್ತದೆ. ಯಾರಿಗಾದರೂ ಅಸ್ವಸ್ಥತೆ ಉಂಟಾದಲ್ಲಿ ನೆರವು ಕೂಡಲೇ ದೊರೆಯುತ್ತದೆ.

ಎಲ್ಲರಿಗಿಂತ ಹಿಂದುಳಿಯುವ ಸಂಕೋಚವೇ ಹಲವರನ್ನು ತಡೆಯುತ್ತದೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಓಟಗಾರರೊಂದಿಗೆ ಆರಂಭವಾಗಿ, ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ಪಾರ್ಕ್‌ರನ್ ಎಂಬ 5 ಕಿ.ಮೀ. ಉಚಿತ ಓಟದಲ್ಲಿ ಇದಕ್ಕೆ ಸರಳ ಪರಿಹಾರವಿದೆ. ಸ್ವಯಂಸೇವಕರೊಬ್ಬರು ಎಲ್ಲರ ಹಿಂದೆ ನಡೆದು ಬರುತ್ತಾರೆ. ಆದ್ದರಿಂದ ಪಾಲ್ಗೊಳ್ಳುವವರಾರೂ ಕೊನೆಯವರಾಗುವುದಿಲ್ಲ. ಸ್ಥಳೀಯ ಬಳಗಗಳೂ ಈ ಕ್ರಮವನ್ನು ಅನುಸರಿಸಬಹುದಾಗಿದೆ.

ಸೇರುವ ಮುನ್ನ ವಿಚಾರಿಸಬೇಕಾದ ಅಂಶಗಳು

1. ಹೊಸಬರಿಗೆ ಪ್ರತ್ಯೇಕ ತಂಡವಿದೆಯೇ, ನಡಿಗೆಗೆ ಅವಕಾಶವಿದೆಯೇ.
2. ಶುಲ್ಕವಿದ್ದಲ್ಲಿ ಅದರ ಮೊತ್ತ ಮತ್ತು ಅವಧಿ.
3. ಸೇರುವ ಸ್ಥಳ, ಸಮಯ ಹಾಗೂ ಓಟದ ಮಾರ್ಗ.
4. ತುರ್ತು ಸಂದರ್ಭದಲ್ಲಿ ನೆರವಾಗುವವರು ಯಾರು.

ಪ್ರಾರಂಭಿಸುವ ಕ್ರಮ

ಬಹುಕಾಲದ ನಂತರ ಓಡುವವರು ವಾರಕ್ಕೆ 3 ದಿನ, ನಡುವೆ ಒಂದೊಂದು ದಿನದ ಬಿಡುವಿನೊಂದಿಗೆ ಅಭ್ಯಾಸ ಮಾಡುವುದು ಸೂಕ್ತ. ಮೊದಲ 2 ವಾರಗಳಲ್ಲಿ 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ ಎಂಬಂತೆ 20ರಿಂದ 25 ನಿಮಿಷ ಸಾಕು. ನಂತರ ಓಟದ ಅವಧಿಯನ್ನು ಹಂತಹಂತವಾಗಿ ಹೆಚ್ಚಿಸತಕ್ಕದ್ದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಹೊಸಬರನ್ನು 5 ಕಿ.ಮೀ. ಓಟಕ್ಕೆ ಅಣಿಗೊಳಿಸಲು ರೂಪಿಸಿರುವ ಕಾರ್ಯಕ್ರಮವು 9 ವಾರಗಳದ್ದಾಗಿದೆ. ಓಡುತ್ತಿರುವಾಗ ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾಗದಿದ್ದಲ್ಲಿ ವೇಗ ಹೆಚ್ಚಾಗಿದೆಯೆಂದು ತಿಳಿಯತಕ್ಕದ್ದು.

ಹಿಂದೆ ಕ್ರೀಡಾಪಟುಗಳಾಗಿದ್ದವರು ವಿಶೇಷ ಎಚ್ಚರ ವಹಿಸುವುದು ಅವಶ್ಯಕ. ಉಸಿರಿನ ಶಕ್ತಿ ಬೇಗ ಮರಳಿದರೂ ಸ್ನಾಯುರಜ್ಜು ಹಾಗೂ ಮೂಳೆಗಳು ಹೊರೆಗೆ ಒಗ್ಗಿಕೊಳ್ಳಲು ಹೆಚ್ಚು ಕಾಲ ಬೇಕಾಗುತ್ತದೆ. ಹಳೆಯ ವೇಗವನ್ನು ಮೊದಲ ತಿಂಗಳಲ್ಲೇ ಬಯಸುವವರು ಮೊಣಕಾಲು ಅಥವಾ ಹಿಮ್ಮಡಿಯ ನೋವಿನಿಂದ ಮತ್ತೆ ಮನೆಯಲ್ಲೇ ಉಳಿಯುವ ಸಂಭವವಿರುತ್ತದೆ.

ಸ್ಥಳದ ಆಯ್ಕೆ

ಬಡಾವಣೆಗಳ ಪಾದಚಾರಿ ಮಾರ್ಗಗಳಲ್ಲಿ ಎದ್ದ ಚಪ್ಪಡಿ ಹಾಗೂ ಮರದ ಬೇರುಗಳು ಎಡವಲು ಕಾರಣವಾಗುತ್ತವೆ. ಹೊಸಬರಿಗೆ ಉದ್ಯಾನ ಅಥವಾ ಕ್ರೀಡಾಂಗಣ ಹೆಚ್ಚು ಸುರಕ್ಷಿತ. ಸುಮಾರು 240 ಎಕರೆಯ ಲಾಲ್‌ಬಾಗ್ ಜಯನಗರಕ್ಕೆ ಸಮೀಪದಲ್ಲಿದೆ. ಇದು ನಡಿಗೆದಾರರ ತಾಣವೂ ಆಗಿರುವುದರಿಂದ ಗುಂಪುಗಳು ದಾರಿಯ ತುಂಬ ಹರಡಿಕೊಳ್ಳದೆ ಒಂದು ಬದಿಯಲ್ಲಿ ಸಾಗತಕ್ಕದ್ದು. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಬೇರೆ ಸ್ಥಳವನ್ನು ಆರಿಸಿಕೊಳ್ಳುವುದು ಒಳಿತು. ರಸ್ತೆಯಲ್ಲೇ ಓಡುವುದಾದಲ್ಲಿ ಎದುರಿನ ವಾಹನಗಳು ಕಾಣುವಂತೆ ಬಲಬದಿಯಲ್ಲಿ ಓಡತಕ್ಕದ್ದು. ಬೆಳಕು ಹರಿಯುವ ಮುನ್ನ ತಿಳಿಬಣ್ಣದ ಉಡುಪು ಧರಿಸತಕ್ಕದ್ದು.

ವೈದ್ಯಕೀಯ ಎಚ್ಚರಿಕೆ

ಹೃದ್ರೋಗ, ರಕ್ತದೊತ್ತಡ, ಮಧುಮೇಹ ಅಥವಾ ಕೀಲುನೋವು ಇರುವವರು, ಗರ್ಭಿಣಿಯರು ಹಾಗೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದ ಕುಟುಂಬದವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು. ಇನ್ಸುಲಿನ್ ಪಡೆಯುವವರು ಸಿಹಿ ಪದಾರ್ಥವನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಜ್ವರವಿದ್ದಾಗ ಓಡಬಾರದು.

ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ಅತಿಯಾದ ಏದುಸಿರು ಕಂಡುಬಂದಲ್ಲಿ ಕೂಡಲೇ ನಿಲ್ಲಿಸಿ 108ಕ್ಕೆ ಕರೆ ಮಾಡತಕ್ಕದ್ದು. ಇದನ್ನು ಗ್ಯಾಸ್ ತೊಂದರೆಯೆಂದು ಭಾವಿಸಿ ಓಟ ಮುಂದುವರಿಸುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದು. ಹೃದ್ರೋಗ ಚಿಕಿತ್ಸೆಗೆ ಬನ್ನೇರುಘಟ್ಟ ರಸ್ತೆಯಲ್ಲಿ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಇರುತ್ತದೆ.

ಓಟವನ್ನು ಅರ್ಧಕ್ಕೆ ನಿಲ್ಲಿಸುವುದು ಸೋಲಲ್ಲ. ಮುಂದಿನ ವಾರ ಅದೇ ಸ್ಥಳದಲ್ಲಿ, ಅದೇ ಸಮಯಕ್ಕೆ ಮತ್ತೆ ಹಾಜರಾಗಲು ಸಾಧ್ಯವಾಗುವಂತೆ ಓಡುವುದೇ ಸರಿಯಾದ ಕ್ರಮವಾಗಿರುತ್ತದೆ.